ಬಿಳಿ ಬೂಟು ನಡೆದ ನೆಲ

ಏಳನೇ ತಾಕಿನ ಮಣ್ಣು ಒಳ್ಳೆಯ ಮಣ್ಣು ಎಂದು ತೀರ್ಪು ಕೊಟ್ಟದ್ದು ಒಂದು ಜೊತೆ ಬೂಟು.

ಕಂಪನಿಯ ಹೊಲಗಳಲ್ಲಿ ನಡೆದುಬಂದ ಪದ್ಧತಿ ಅದು. ತಿಂಗಳ ಕೊನೆಗೆ ಮ್ಯಾನೇಜರ್ ಸಾಹೇಬರು ಹಾಲಿನಂಥ ಬಿಳಿ ಬೂಟು ತೊಟ್ಟು ಬರುತ್ತಿದ್ದರು. ಬದುವಿನ ಮೇಲೆ ನಿಂತು ಒಮ್ಮೆ ಕೆಮ್ಮಿ, ತಾಕಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದರು. ಆ ತುದಿಯಲ್ಲಿ ಕಾದಿರುತ್ತಿದ್ದ ಗುಮಾಸ್ತ ಮೊಣಕಾಲೂರಿ, ಬಿಳಿ ಕರವಸ್ತ್ರದಿಂದ ಬೂಟು ಒರೆಸಿ, ಕರವಸ್ತ್ರವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಕರವಸ್ತ್ರ ಕೆಂಪಾದರೆ ಆ ತಾಕಿನವರ ಮುಖ ಬಿಳುಪೇರುತ್ತಿತ್ತು. ಕರವಸ್ತ್ರ ಬೆಳ್ಳಗೇ ಉಳಿದರೆ ಸಾಹೇಬರು "ಶಿಸ್ತು" ಎಂದು ಒಂದೇ ಮಾತು ಹೇಳಿ ಮುಂದಿನ ತಾಕಿಗೆ ಹೋಗುತ್ತಿದ್ದರು.

ಇದಕ್ಕೆಲ್ಲ ಮೂಲ ಕಂಪನಿಯ ಯಜಮಾನರು ಎಂದೋ ಆಡಿದ ಒಂದು ಮಾತು. ಹೊಲ ನೋಡಲು ಬಂದವರು ಕಾರಿಗೆ ಹತ್ತುವಾಗ ತಮ್ಮ ಬೂಟು ನೋಡಿಕೊಂಡು "ಇದೇನು ಇಷ್ಟು ಮಣ್ಣು" ಎಂದರಂತೆ. ಹೊಲದಲ್ಲಿ ಮಣ್ಣಿರದೆ ಇನ್ನೇನಿರಬೇಕಿತ್ತು ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಯಜಮಾನರು ಮನೆ ಮುಟ್ಟುವ ಮೊದಲೇ ಆ ಮಾತಿನಿಂದ ಒಂದು ನೀತಿ ಹುಟ್ಟಿತು, ನೀತಿಯಿಂದ ಪೊರಕೆ ಹುಟ್ಟಿತು, ಪೊರಕೆಯಿಂದ ಹೆಂಗಸರ ಒಂದು ತಂಡ ಹುಟ್ಟಿತು. ಬೆಳಗಾದರೆ ಅವರು ಹೊಲ ಗುಡಿಸುತ್ತಿದ್ದರು. ಬದುವಿನ ಮರದಿಂದ ಬಿದ್ದ ಎಲೆ, ಕಟಾವಿನಲ್ಲಿ ಉಳಿದ ಕೂಳೆ, ಹುಲ್ಲಿನ ಎಸಳು, ಒಂದನ್ನೂ ಬಿಡದೆ ಬಾಚಿ ಗುಡ್ಡೆ ಹಾಕಿ ಸುಡುತ್ತಿದ್ದರು. ಬೂದಿಯನ್ನೂ ಗುಡಿಸುತ್ತಿದ್ದರು. ಅವರ ಹಿಂದೆ ರೋಲರ್ ಬರುತ್ತಿತ್ತು.

ರೋಲರ್ ಓಡಿಸುವವನನ್ನು ಎಲ್ಲರೂ ರೋಲರಣ್ಣ ಎನ್ನುತ್ತಿದ್ದರು. ಅವನ ಹೆಸರು ಹೆಂಡತಿಗೂ ಮರೆತು ಬಹಳ ಕಾಲವಾಗಿತ್ತು. ಏಳನೇ ತಾಕು ಅವನ ಪಾಲಿಗೆ ಬಂದಾಗ ಅದು ಕೆಂಪಗೆ ಉದುರುದುರಾಗಿ, ಕಾಲಿಟ್ಟರೆ ಪಾದದ ಗುರುತು ಅಚ್ಚೊತ್ತುವಂಥ ನೆಲ. ಅವನು ದಿನವೂ ಉಪ್ಪಿನ ಗೊಬ್ಬರ ಚೆಲ್ಲುವ ಗಾಡಿಯ ಹಿಂದೆ, ಔಷಧಿ ಸಿಂಪಡಿಸುವ ಗಾಡಿಯ ಹಿಂದೆ, ಏನೂ ಇಲ್ಲದಿದ್ದರೆ ತನ್ನ ಹಿಂದೆ ತಾನೇ ಎಂಬಂತೆ ಸುತ್ತು ಹೊಡೆದ. ಮೊದಮೊದಲು ಆ ತಾಕಿನಲ್ಲಿ ಮೆಕ್ಕೆಜೋಳ ಆಳೆತ್ತರ ಬೆಳೆಯುತ್ತಿತ್ತು. ಆಮೇಲೆ ಸೊಂಟಕ್ಕಿಳಿಯಿತು. ಆಮೇಲೆ ಮೊಣಕಾಲಿಗೆ. ಕೊನೆಗೆ ಬಿತ್ತಿದ ಕಾಳು ಬಿತ್ತಿದಲ್ಲೇ ಒಣಗಿ, ಇರುವೆಗಳು ಕೂಡ ಅದನ್ನು ಒಳಗೆ ಒಯ್ಯಲಾಗದೆ ಮೇಲಿಂದ ಮೇಲೇ ಹೊತ್ತು ಪಕ್ಕದ ತಾಕಿಗೆ ಗುಳೆ ಹೋದವು. ಬೆಳೆ ಇಳಿದಂತೆಲ್ಲ ಕರವಸ್ತ್ರ ಬೆಳಗಿತು. ಕಚೇರಿಯವರು ಬೆಳೆಯ ವಿಚಾರ ಬರೆಯುವುದನ್ನು ಬಿಟ್ಟು ಬರೀ ಬೂಟಿನ ವಿಚಾರ ಬರೆದು ಮೇಲಕ್ಕೆ ಕಳಿಸತೊಡಗಿದರು. ಮೇಲಿನವರಿಗೂ ಓದಲು ಅದೇ ಸುಖವಾಗಿತ್ತು.

ರೋಲರಣ್ಣನಿಗೆ ಇದರಲ್ಲಿ ನಗು ಬರುವಂಥದ್ದೇನೂ ಕಾಣಲಿಲ್ಲ. ಅವನಿಗೆ ಹೆಂಚಿನ ಮನೆ ಬೇಕಿತ್ತು. ಕಂಪನಿಯ ಗೇಟಿನ ಪಕ್ಕದಲ್ಲಿ ಒಂದು ಹೆಂಚಿನ ಮನೆ ಖಾಲಿ ಬಿದ್ದಿತ್ತು. ಮುಂದಿನ ಮಳೆಗಾಲದವರೆಗೆ ಒಂದು ತಿಂಗಳೂ ತಪ್ಪದೆ ಯಾರ ತಾಕಿನಲ್ಲಿ ಬೂಟು ಬೆಳ್ಳಗೆ ಉಳಿಯುತ್ತದೋ ಅವರಿಗೆ ಆ ಮನೆ ಎಂದು ಸಾಹೇಬರು ಸಾರಿದ್ದರು. ಅವನೂ ಹೆಂಡತಿಯೂ ತಾಯಿಯೂ ಇದ್ದದ್ದು ತಗಡಿನ ಸಾಲಿನಲ್ಲಿ. ಸೂರ್ಯ ನೆತ್ತಿಗೆ ಬಂದರೆ ಜನ ಮನೆಯೊಳಗಿಂದ ಬಿಸಿಲಿಗೆ ಬಂದು ತಣ್ಣಗಾಗುತ್ತಿದ್ದ ಸಾಲು ಅದು. ಹೆಂಚಿನ ಮನೆಯ ಬೀಗದ ಕೈ ಸಾಹೇಬರ ಕುರ್ಚಿಯ ಹಿಂದಿನ ಮೊಳೆಗೆ ನೇತಾಡುತ್ತಿತ್ತು. ರೋಲರಣ್ಣ ಕಚೇರಿಗೆ ಹೋದಾಗಲೆಲ್ಲ ಸಾಹೇಬರ ಮುಖ ನೋಡದೆ ಅವರ ಭುಜದ ಮೇಲಿಂದ ಆ ಬೀಗದ ಕೈಯನ್ನೇ ನೋಡಿ ಮಾತಾಡುತ್ತಿದ್ದ.

ಹೀಗೆ ಎಲ್ಲ ಸರಿಯಾಗಿ ನಡೆದಿರುವಾಗ, ಮಳೆ ನಿಂತ ಒಂದು ಬೆಳಿಗ್ಗೆ, ಅವನ ತಾಯಿ ತಟ್ಟೆ ಪಕ್ಕಕ್ಕೆ ಸರಿಸಿ ಹೇಳಿದಳು.

"ಲೋ, ನನ್ನ ಗುಂಡಿ ತೋಡಿಸು."

"ಈಗ್ಯಾಕಮ್ಮ? ಚೆನ್ನಾಗಿದ್ದೀಯಲ್ಲ."

"ಚೆನ್ನಾಗಿದ್ದಾಗ್ಲೇ ನೋಡ್ಬೇಕು. ಸತ್ತ ಮೇಲೆ ನೀನು ಯಾವುದೋ ಗಟಾರದಲ್ಲಿ ಹಾಕಿದ್ರೆ ಎದ್ದು ಬಂದು ಕೇಳೋಕಾಗುತ್ತಾ? ನಿಮ್ಮಪ್ಪನ ಪಕ್ಕ ನನ್ನ ಜಾಗ. ಅಗಲವಾಗಿ ತೋಡಿಸು. ಆ ಮನುಷ್ಯ ನಿದ್ದೇಲಿ ಹೊರಳಾಡ್ತಿದ್ದ."

ಅಪ್ಪನ ಜಾಗ ಏಳನೇ ತಾಕಿನ ಮೂಲೆಯಲ್ಲಿತ್ತು. ಒಂದು ಕಲ್ಲು, ಅಷ್ಟೇ. ನೆಲಕ್ಕೆ ಬೇಲಿ ಬೀಳುವ ಮೊದಲು ಆ ಮೂಲೆ ಊರವರ ಹೂಳುವ ನೆಲವಾಗಿತ್ತು. ಬೇಲಿ ಹಾಕಿದ ದಿನ ಯಜಮಾನರು ಗಾಡಿಯ ಮೇಲೆ ನಿಂತು, ಮೈಕು ಹಿಡಿದು, ಎಲ್ಲರ ಮುಂದೆ ಮಾತು ಕೊಟ್ಟಿದ್ದರು: ನೆಲ ಕಂಪನಿಯದು, ಆದರೆ ಮೂಲೆಯಿಂದ ಹಿಡಿದು ಏಳನೇ ತಾಕಿನಲ್ಲಿ ಎಷ್ಟು ಬೇಕೋ ಅಷ್ಟು ಜಾಗ ನಿಮ್ಮ ಸತ್ತವರಿಗೆ ಮೀಸಲು. ಜನ ಚಪ್ಪಾಳೆ ತಟ್ಟಿದ್ದರು. ಸತ್ತವರಿಗೆ ಜಾಗ ಸಿಕ್ಕಿತೆಂಬ ಸಂಭ್ರಮದಲ್ಲಿ ಬದುಕಿರುವವರ ಜಾಗ ಹೋಯಿತೆಂಬುದು ಅವತ್ತು ಯಾರಿಗೂ ಹೊಳೆಯಲಿಲ್ಲ.

ಗುಂಡಿ ತೋಡಲು ಸೋದರಮಾವನೇ ಬಂದ. ತಾಯಿಯ ತಮ್ಮ, ಸುತ್ತಲಿನ ಸಾಲುಗಳಲ್ಲಿ ಯಾರು ಸತ್ತರೂ ಹಾರೆ ಗುದ್ದಲಿ ಹೊತ್ತು ಮೊದಲು ಬರುವವನು. ಭಾವನ ಗುಂಡಿಯನ್ನೂ ಅವನೇ ತೋಡಿದ್ದ, ಆಮೇಲೆ ಈ ಮೂಲೆಗೆ ಗುದ್ದಲಿ ತಂದಿರಲಿಲ್ಲ. "ಅವತ್ತು ಗುದ್ದಲೀನೇ ಬೇಕಿರಲಿಲ್ಲ ಕಣೋ. ಕೈಯಲ್ಲೇ ಮೊಗೆದು ಹಾಕಿದ್ದೆ, ಅಕ್ಕಿ ಮೂಟೆಯಿಂದ ಅಕ್ಕಿ ತೆಗೆದ ಹಾಗೆ" ಎಂದು ದಾರಿಯುದ್ದಕ್ಕೂ ಹೇಳುತ್ತ ಬಂದ. ಕಲ್ಲಿನ ಪಕ್ಕ ನಿಂತು, ಅಕ್ಕನ ಉದ್ದ ಕಣ್ಣಲ್ಲೇ ಅಳೆದು, ಗುದ್ದಲಿ ಎತ್ತಿ ಹೊಡೆದ.

ಗುದ್ದಲಿ ಟಣ್ ಎಂದು ಹಾಡಿ ವಾಪಸು ಬಂತು, ಅವನ ಹಣೆಗೆ ಬಡಿಯುವುದು ಸ್ವಲ್ಪದರಲ್ಲಿ ತಪ್ಪಿತು.

ಮಾವ ನೆಲ ನೋಡಿದ. ನೆಲದ ಮೇಲೆ ಉಗುರಿನ ಗೀರಿನಷ್ಟು ಒಂದು ಗುರುತು. ಇನ್ನೊಮ್ಮೆ ಹೊಡೆದ. ಕಿಡಿ ಹಾರಿತು. ಹಾರೆ ತಂದು ಕುಕ್ಕಿದ, ಹಾರೆ ಬಾಗಿತು. ಅವನು ಬಾಗಿದ ಹಾರೆಯನ್ನು ಕಣ್ಣೆತ್ತರಕ್ಕೆ ಹಿಡಿದು, ಸಾಕಿದ ನಾಯಿ ಕಚ್ಚಿದಂಥ ಮುಖ ಮಾಡಿದ.

"ಏನ್ ಮಾಡಿದ್ದೀಯೋ ಇದಕ್ಕೆ?"

"ಶಿಸ್ತು ಮಾವ" ಎಂದ ರೋಲರಣ್ಣ. ಅವನ ದನಿಯಲ್ಲಿ ಹೆಮ್ಮೆ ಇನ್ನೂ ಪೂರ್ತಿ ಇಳಿದಿರಲಿಲ್ಲ.

"ಬಂಡೆ ಕಂಡಿದ್ದೀನಿ ನಾನು. ಬಂಡೆಗೂ ಒಂದು ಮರ್ಯಾದೆ ಇರುತ್ತೆ, ಎಲ್ಲೋ ಒಂದು ಸೀಳು ಬಿಟ್ಟಿರುತ್ತೆ. ಇದು ಬಂಡೆಯೂ ಅಲ್ಲ. ಅಕ್ಕನ್ನ ಇದರೊಳಗೆ ಕಳಿಸ್ಬೇಕಾದ್ರೆ ಸುತ್ತಿಗೆ ತಗೊಂಡು ಮೊಳೆ ಹೊಡೆದ ಹಾಗೆ ಹೊಡೀಬೇಕು."

ತಾಯಿ ಬದುವಿನ ಮೇಲೆ ಕೂತು ಎಲ್ಲ ನೋಡುತ್ತಿದ್ದಳು. ಆ ನೋಟಕ್ಕೆ ರೋಲರಣ್ಣನ ಬೆನ್ನು ಉರಿಯಿತು.

ಅವನು ಪ್ರಯೋಗಾಲಯದ ಮಣ್ಣು ಮೇಡಂ ಹತ್ತಿರ ಹೋದ. ಆಕೆ ಮಣ್ಣಿನ ವಿಚಾರ ಓದಿ ಬಂದವಳು. ತಿಂಗಳಿಗೊಮ್ಮೆ ಒಂದು ಸಲಾಕೆಯನ್ನು ನೆಲಕ್ಕೆ ಒತ್ತಿ, ಅದರ ಹಿಡಿಯ ಪಕ್ಕದ ಮಾಪಕದ ಮುಳ್ಳು ಎಲ್ಲಿಗೆ ನಿಂತಿತೆಂದು ಕಚೇರಿಗೆ ತಿಳಿಸುವುದು ಆಕೆಯ ಕೆಲಸ. ಮೇಡಂ ಬಂದು ಸಲಾಕೆ ಊರಿದಳು. ಎರಡೂ ಕೈ ಹಾಕಿ ಒತ್ತಿದಳು. ಆಮೇಲೆ ಸಲಾಕೆಯ ಹಿಡಿಯ ಮೇಲೆ ಹೊಟ್ಟೆ ಊರಿ ಮಲಗಿದಳು. ಕಾಲುಗಳು ನೆಲ ಬಿಟ್ಟು ಗಾಳಿಯಲ್ಲಿ ತೂಗಿದವು. ಸಲಾಕೆ ಇಳಿಯಲಿಲ್ಲ. ಮುಳ್ಳು ಕೊನೆಯ ಅಂಕಿ ದಾಟಿ, ಮುಂದೆ ಅಂಕಿ ಕಾಣದೆ ನಡುಗುತ್ತಿತ್ತು.

"ಅಭಿನಂದನೆ" ಎಂದಳು ಮೇಡಂ, ಕೆಳಗಿಳಿದು. "ಮುಳ್ಳು ಇಷ್ಟು ದೂರ ಹೋಗಿದ್ದನ್ನ ನಾನು ನೋಡೇ ಇಲ್ಲ."

"ಮೇಡಂ, ನಮ್ಮಮ್ಮ ಇದರೊಳಗೆ ಹೋಗ್ಬೇಕು."

ಮೇಡಂ ಸುತ್ತ ನೋಡಿ ದನಿ ತಗ್ಗಿಸಿದಳು. "ಹೋಗಲ್ಲ. ಬೇರು ಹೋಗಲ್ಲ, ನೀರು ಹೋಗಲ್ಲ, ಗಾಳಿ ಹೋಗಲ್ಲ, ನಿಮ್ಮಮ್ಮ ಹೇಗೆ ಹೋಗ್ತಾರೆ? ಮಣ್ಣಿನ ಕಣಕ್ಕೂ ಕಣಕ್ಕೂ ನಡುವೆ ಸಂದು ಇರುತ್ತೆ. ಉಸಿರಾಡೋದೇ ಅದರಲ್ಲಿ. ನೀನು ದಿನಾ ಓಡಾಡಿ ಆ ಸಂದನ್ನೆಲ್ಲ ಮುಚ್ಚಿಬಿಟ್ಟೆ. ಎಲೆ ಕೊಳೆತು ಮಣ್ಣನ್ನ ಹಿಡಿದಿಡುತ್ತೆ. ಅದನ್ನ ಗುಡಿಸಿ ಸುಟ್ಟರು. ಬರೀ ನೆಲದ ಮೇಲೆ ಮಳೆ ಬಿತ್ತು, ಬಿಸಿಲು ಬಿತ್ತು, ಮೇಲೆ ಹೆಪ್ಪು ಕಟ್ಟಿತು. ಎರೆಹುಳಕ್ಕೆ ತಿನ್ನೋಕೇ ಇಲ್ಲ."

"ಗೊತ್ತಿದ್ರೆ ಹೇಳ್ಬೇಕಲ್ವಾ ಮೇಡಂ?"

"ಗೊತ್ತು. ಸಂಬಳ ಕೊಡೋರು ಯಾರು ಅನ್ನೋದೂ ಗೊತ್ತು" ಎಂದು ಮೇಡಂ ಸಲಾಕೆ ಒರೆಸಿಕೊಂಡಳು. "ಕಚೇರೀಲಿ ಗಟ್ಟಿಯಾಗಿರೋದಕ್ಕೆ 'ಅತ್ಯುತ್ತಮ' ಅಂತಾರೆ. ನಾನೂ ಅದನ್ನೇ ಹೇಳಿ ಕಳಿಸ್ತೀನಿ."

ಕಚೇರಿಯಲ್ಲಿ ಸಾಹೇಬರು ಅವನ ಮಾತನ್ನು ಬಹಳ ತಾಳ್ಮೆಯಿಂದ ಕೇಳಿದರು. ಮೇಜಿನ ಮೇಲೆ ಬಿಳಿ ಬೂಟುಗಳನ್ನು ಇಟ್ಟುಕೊಂಡು ಸುಣ್ಣದ ಪುಡಿ ಹಚ್ಚುತ್ತಿದ್ದರು. ಬೀಗದ ಕೈ ಹಿಂದೆ ನೇತಾಡುತ್ತಿತ್ತು.

"ಯಜಮಾನರು ಮಾತು ಕೊಟ್ಟಿದ್ದಾರೆ, ನಾವು ಇಲ್ಲ ಅನ್ನಲ್ಲ" ಎಂದರು. "ತೋಡು. ಧಾರಾಳವಾಗಿ ತೋಡು."

"ಗುದ್ದಲಿ ಇಳಿಯಲ್ಲ ಸಾಹೇಬ್ರೇ. ಆ ಮೂಲೆ ಮಾತ್ರ ದೊಡ್ಡ ಟ್ರ್ಯಾಕ್ಟರ್ ತಂದು ಆಳವಾಗಿ ಸೀಳಿಸಿದ್ರೆ..."

"ಸೀಳಿದ್ರೆ ಮಣ್ಣು ಮೇಲೆ ಬರುತ್ತಲ್ಲಪ್ಪ."

"ಬರುತ್ತೆ."

"ಅದೇ ಬರಬಾರದು. ಗುಂಡಿ ಇರಲಿ, ಆದ್ರೆ ಮಣ್ಣು ಹೊರಗೆ ಬರಬಾರದು. ಅಷ್ಟು ಮಾಡ್ಕೊಂಡ್ರೆ ನನ್ನ ಅಭ್ಯಂತರ ಏನೂ ಇಲ್ಲ."

ರೋಲರಣ್ಣ ಬೀಗದ ಕೈ ನೋಡುತ್ತ ನಿಂತ. ಮಣ್ಣು ಹೊರಗೆ ಬಾರದ ಗುಂಡಿಯೊಂದನ್ನು ಮನಸ್ಸಿನಲ್ಲಿ ತೋಡಲು ಪ್ರಾಮಾಣಿಕವಾಗಿ ಪ್ರಯತ್ನಿಸಿದ. ಸಾಧ್ಯವಾಗಲಿಲ್ಲ.

"ಅಮ್ಮನಿಗೆ ಇನ್ನೂ ಆರೋಗ್ಯ ಇದೆಯಲ್ಲ?" ಎಂದರು ಸಾಹೇಬರು.

"ಇದೆ ಸಾಹೇಬ್ರೇ."

"ಹಾಗಿದ್ರೆ ಅವರಿಗೆ ಹೇಳು, ತಪಾಸಣೆ ಎಲ್ಲ ಮುಗೀಲಿ. ಮಳೆಗಾಲದವರೆಗೂ ಸ್ವಲ್ಪ ಹೊಂದಿಕೊಂಡು ಹೋಗ್ಲಿ."

ಹೊಂದಿಕೊಂಡು ಹೋಗಬೇಕಂತೆ ಎಂದು ಮಗ ಬಂದು ಹೇಳಿದಾಗ ತಾಯಿ ಎದ್ದು ನಿಂತಳು. "ಬದುಕಿರೋವರೆಗೂ ಹೊಂದಿಕೊಂಡದ್ದು ಸಾಲ್ದು ಅಂತ ಈಗ ಸಾಯೋದಕ್ಕೂ ಹೊಂದಿಕೊಳ್ಳಬೇಕಂತಾ? ಸರಿ. ನನ್ನ ಜಾಗ ನಾನೇ ನೋಡ್ಕೋತೀನಿ."

ಮಾರನೆಯ ದಿನ ಅವಳು ಕುರ್ಚಿ ಹೊತ್ತುಕೊಂಡು ಮೂಲೆಗೆ ಹೋದಳು. ಅಪ್ಪನ ಕಲ್ಲಿನ ಪಕ್ಕ ಕುರ್ಚಿ ಹಾಕಿ ಕೂತಳು. ಮಧ್ಯಾಹ್ನ ಮಲಗಲು ನೋಡಿದರೆ ನೆಲ ಸೊಂಟಕ್ಕೆ ಒತ್ತುತ್ತಿತ್ತು. ಪೊರಕೆ ತಂಡದಲ್ಲಿದ್ದ ಸೊಸೆಯನ್ನು ಕರೆದಳು.

"ಏ ಹುಡುಗಿ, ಆ ಬುಟ್ಟೀಲಿರೋದನ್ನ ಇಲ್ಲಿ ಸುರಿ."

"ಅತ್ತೆ, ಇದು ಸುಡೋ ಕಸ."

"ಸುಡೋ ಬದಲು ನನ್ನ ಸೊಂಟದ ಕೆಳಗೆ ಹಾಕು. ಮೂಳೆ ಮೇಲೆ ಮೂಳೆ ಕೂತು ನೋಯ್ತಿದೆ."

ಸೊಸೆ ನಗುತ್ತ ಸುರಿದಳು. ತಂಡದ ಉಳಿದ ಹೆಂಗಸರಿಗೂ ಸುಡುವ ಜಾಗದವರೆಗೆ ಬುಟ್ಟಿ ಹೊರುವ ತಾಪತ್ರಯ ತಪ್ಪಿತು, ಅವರೂ ಸುರಿದರು. ಎಲೆ, ಕೂಳೆ, ಹುಲ್ಲು ಸೇರಿ ಒಂದು ಹಾಸಿಗೆಯಾಯಿತು. ತಾಯಿ ಅದರ ಮೇಲೆ ಕಂಬಳಿ ಹಾಸಿ ಮಲಗಿ, ಪಕ್ಕದ ಕಲ್ಲಿನ ಜೊತೆ ಮನೆಯ ಸಮಾಚಾರ ಮಾತಾಡತೊಡಗಿದಳು. ಎಲೆ ಗರಿಗರಿಯೆಂದು ಕಿವಿಗೆ ಕಿರಿಕಿರಿಯಾದಾಗ ಪಾತ್ರೆ ತೊಳೆದ ನೀರು ತರಿಸಿ ಚಿಮುಕಿಸಿದಳು. ಹಾಸಿಗೆ ತಗ್ಗಿದಾಗ ಮೇಲೆ ಇನ್ನಷ್ಟು ಸುರಿಸಿದಳು. ತರಕಾರಿ ಸಿಪ್ಪೆಯನ್ನು ದಿಂಬಿನ ಕಡೆ ಹಾಕಬೇಡಿ, ಕಾಲಿನ ಕಡೆ ಹಾಕಿ ಎಂದು ಬೈದಳು. ಮಣ್ಣಿಗೆ ಒಳ್ಳೆಯದಾಗಲಿ ಎಂಬ ಯೋಚನೆ ಅವಳಿಗೆ ಕನಸಿನಲ್ಲೂ ಇರಲಿಲ್ಲ. ಅವಳಿಗೆ ಬೇಕಿದ್ದದ್ದು ಮೆತ್ತನೆಯ ಹಾಸಿಗೆ.

ರೋಲರ್ ಆ ಮೂಲೆಗೆ ಬಂದಾಗ ತಾಯಿ ಏಳುತ್ತಿರಲಿಲ್ಲ. ರೋಲರಣ್ಣ ಬಳಸಿಕೊಂಡು ಹೋಗುತ್ತಿದ್ದ. ತಪಾಸಣೆಯ ದಿನ ಹಾಸಿಗೆಯ ಮೇಲೆ ಕೆಂಪು ಟಾರ್ಪಾಲು ಎಳೆದು ಕಟ್ಟುತ್ತಿದ್ದ. ದೂರದಿಂದ ನೋಡಿದರೆ ನೆಲದ್ದೇ ಬಣ್ಣ. ಹತ್ತಿರದಿಂದ ನೋಡುವ ಕಷ್ಟವನ್ನು ಸಾಹೇಬರು ತೆಗೆದುಕೊಳ್ಳಲಿಲ್ಲ, ಯಾಕೆಂದರೆ ಟಾರ್ಪಾಲಿನ ಪಕ್ಕ ಕುರ್ಚಿ ಹಾಕಿ ಕೂತ ಮುದುಕಿ ಅವರು ಕಂಡೊಡನೆ ಕೂಗುತ್ತಿದ್ದಳು.

"ಬಾಪ್ಪ, ಕೂತ್ಕೋ ಬಾ. ನಿಮ್ಮಮ್ಮನ್ನ ಎಲ್ಲಿ ಮಲಗಿಸಿದ್ದೀಯ?"

ಸಾಹೇಬರು ಪ್ರತಿ ಸಲವೂ ಅಲ್ಲಿಂದಲೇ ಹಿಂದಿರುಗುತ್ತಿದ್ದರು. ಕರವಸ್ತ್ರ ಪ್ರತಿ ಸಲವೂ ಬೆಳ್ಳಗೇ ಇತ್ತು.

ಬೇಸಿಗೆ ಮುಗಿಯುತ್ತ ಬಂತು. ಒಂದು ಸಂಜೆ ಹೆಂಡತಿ ತಟ್ಟೆಗೆ ಬಡಿಸುತ್ತ, "ರೀ, ಅತ್ತೆ ಹಾಸಿಗೆ ಕೆಳಗೆ ಎರೆಹುಳ ಬಂದಿದೆ" ಎಂದಳು. ರೋಲರಣ್ಣನ ಕೈಯ ತುತ್ತು ನಿಂತಿತು. ಕಳ್ಳ ಬಂದಿದ್ದಾನೆ ಎಂದಿದ್ದರೆ ಅವನು ಅಷ್ಟು ಹೆದರುತ್ತಿರಲಿಲ್ಲ.

"ಯಾರಿಗಾದ್ರೂ ಹೇಳಿದ್ಯಾ?"

"ಹುಳಕ್ಕೆ ಗೇಟ್ ಪಾಸ್ ಮಾಡಿಸ್ಬೇಕಿತ್ತಾ?"

"ನಗಬೇಡ್ವೇ. ಇನ್ನೊಂದೇ ತಪಾಸಣೆ. ಆಮೇಲೆ ಹೆಂಚಿನ ಮನೆ."

"ಹೆಂಚಿನ ಮನೆಗೆ ಅತ್ತೆ ಬರ್ತಾರಾ ಅಂತ ಕೇಳಿದ್ರಾ?" ಎಂದಳು ಹೆಂಡತಿ. ಅವನು ಕೇಳಿರಲಿಲ್ಲ.

ಕೊನೆಯ ತಪಾಸಣೆಗೆ ಮುಖ್ಯ ಕಚೇರಿಯ ದೊಡ್ಡವರೇ ಬಂದರು. ಏಳನೇ ತಾಕನ್ನು ಮಾದರಿ ತಾಕು ಎಂದು ಸಾರಿ, ಕಂಪನಿಯ ಎಲ್ಲ ನೆಲಕ್ಕೂ ಹೀಗೇ ಮಾಡಿಸುವುದೆಂದು ತೀರ್ಮಾನವಾಗಿತ್ತು. ಬಂದವರಿಗೆಲ್ಲ ಗೇಟಿನಲ್ಲೇ ಬಿಳಿ ಬೂಟು ಕೊಟ್ಟರು. ಸಾಹೇಬರು ಬೆಳಿಗ್ಗೆಯೇ ರೋಲರಣ್ಣನನ್ನು ಕರೆಸಿ, ಮೊಳೆಯಿಂದ ಬೀಗದ ಕೈ ತೆಗೆದು ಅವನ ಅಂಗೈಗೆ ಇಟ್ಟಿದ್ದರು. "ದೊಡ್ಡವರು ಹೋದ ಮೇಲೆ ಬಾಗಿಲು ತೆಗಿ" ಎಂದಿದ್ದರು. ಅವನು ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಆಕಾಶ ಕಪ್ಪಾಗಿತ್ತು. ದೊಡ್ಡವರು ಸಾಲಾಗಿ ತಾಕಿನ ಮೇಲೆ ನಡೆದರು. ಬೂಟುಗಳು ಹಜಾರದಲ್ಲಿ ನಡೆದಂತೆ ಟಕಟಕ ಸದ್ದು ಮಾಡಿದವು. ಒಬ್ಬರು ಬಾಗಿ ನೆಲವನ್ನು ಬೆರಳಿನಿಂದ ತಟ್ಟಿ, ಮಗುವಿನ ಬೆನ್ನು ತಟ್ಟಿದಷ್ಟು ಸಂತೋಷಪಟ್ಟರು. ಇನ್ನೊಬ್ಬರು "ಇಲ್ಲಿ ಏನು ಬೆಳೀತೀರಿ?" ಎಂದು ಕೇಳಿ, ಪ್ರಶ್ನೆ ಅಸಭ್ಯವಾಯಿತೆಂದು ತಮಗೇ ಅನ್ನಿಸಿ ಕೆಮ್ಮಿದರು. ಸಾಹೇಬರಿಗೆ ಉತ್ಸಾಹ ಹೆಚ್ಚಾಯಿತು. ಮೂಲೆಯಲ್ಲಿ ಕುರ್ಚಿ ಖಾಲಿ ಇತ್ತು. ತಾಯಿ ನೀರು ಕುಡಿಯಲು ನಲ್ಲಿಯ ಕಡೆಗೆ ಹೋಗಿದ್ದಳು.

"ಕೊನೇ ಮೂಲೇವರೆಗೂ ಇದೇ ಗುಣಮಟ್ಟ, ಬನ್ನಿ" ಎಂದು ಸಾಹೇಬರು ಟಾರ್ಪಾಲಿನ ಮೇಲೆ ಕಾಲಿಟ್ಟರು.

ಟಾರ್ಪಾಲು ಸರಿಯಿತು. ಸಾಹೇಬರ ಬಲಗಾಲು ಮೀನಖಂಡದವರೆಗೆ ಇಳಿಯಿತು. ಅವರು ಬಿಡಿಸಿಕೊಳ್ಳಲು ಜಗ್ಗಿದಾಗ ಕಾಲು ಬಂತು, ಕಾಲುಚೀಲ ಬಂತು, ಬೂಟು ಬರಲಿಲ್ಲ.

ಗುಮಾಸ್ತ ಕರವಸ್ತ್ರ ಹಿಡಿದು ಬಗ್ಗಿದ. ಏನು ಒರೆಸಬೇಕೆಂದು ತಿಳಿಯದೆ ಹಾಗೇ ನಿಂತ. ಬದುವಿನ ಮೇಲೆ ನಿಂತು ನೋಡುತ್ತಿದ್ದ ಮಾವ ಮುಂದೆ ಬಂದು ಮೊಣಕೈವರೆಗೆ ಕೈ ಹಾಕಿ ತಡಕಾಡಿದ. ಕಪ್ಪು ಮಣ್ಣು ಹಿಡಿಹಿಡಿಯಾಗಿ ಮೇಲೆ ಬಂತು. ಕಾಳಿನಂತೆ, ಪುಟ್ಟ ಪುಟ್ಟ ಉಂಡೆಯಾಗಿ, ತಣ್ಣಗೆ. ಅದರೊಳಗಿಂದ ಎರೆಹುಳವೊಂದು ತಲೆ ಎತ್ತಿ ದೊಡ್ಡವರನ್ನೆಲ್ಲ ಒಮ್ಮೆ ನೋಡಿ ಮತ್ತೆ ಒಳಗೆ ಹೋಯಿತು.

"ಬೂಟು ಸಿಗ್ತಿಲ್ಲ" ಎಂದ ಮಾವ. "ಭಾವ ತಗೊಂಡಿರಬೇಕು."

ಸಾಹೇಬರು ಒಂಟಿ ಕಾಲಿನಲ್ಲಿ ನಿಂತು, ಸಲಾಕೆ ಹಿಡಿದು ಹಿಂದೆ ಬಂದಿದ್ದ ಮಣ್ಣು ಮೇಡಂ ಕಡೆ ತಿರುಗಿದರು. ಮೇಡಂ ಸಲಾಕೆ ಊರಿದಳು. ಒತ್ತಲೇ ಬೇಕಾಗಲಿಲ್ಲ. ಸಲಾಕೆ ತನ್ನ ಭಾರಕ್ಕೆ ತಾನೇ ಹಿಡಿಯವರೆಗೆ ಇಳಿದು ನಿಂತಿತು. ಅವಳ ಮುಖದಲ್ಲಿ, ಆ ಕೆಲಸಕ್ಕೆ ಸೇರಿದಂದಿನಿಂದ ಯಾರೂ ಕಾಣದಿದ್ದ ನಗು ಬಂತು.

"ಇದೇನು ಇದು?" ಎಂದರು ಸಾಹೇಬರು.

"ಮಣ್ಣು ಸರ್" ಎಂದಳು ಮೇಡಂ.

ದೊಡ್ಡವರಲ್ಲಿ ಒಬ್ಬರು ಗಡಿಯಾರ ನೋಡಿಕೊಂಡರು. ಸಾಹೇಬರ ಕುತ್ತಿಗೆ ಕೆಂಪಾಯಿತು. "ರೋಲರ್ ತಗೊಂಡು ಬಾ" ಎಂದರು. "ಈಗಲೇ. ಇವರ ಕಣ್ಣೆದುರೇ ಸರಿ ಮಾಡು. ಹೆಂಚಿನ ಮನೆ ಬೇಕೋ ಬೇಡವೋ?"

ರೋಲರಣ್ಣ ಜೇಬು ಮುಟ್ಟಿಕೊಂಡ. ರೋಲರ್ ಹತ್ತಿದ. ಎಂಜಿನ್ ಗುಡುಗಿತು, ಮೇಲೆ ಆಕಾಶವೂ ಗುಡುಗಿತು. ಅವನು ಮೂಲೆಯ ಕಡೆ ತಿರುಗಿಸುವಷ್ಟರಲ್ಲಿ ತಾಯಿ ನಲ್ಲಿಯ ಕಡೆಯಿಂದ ಬಂದಿದ್ದಳು. ಓಡಲಿಲ್ಲ, ಕೂಗಲಿಲ್ಲ. ಟಾರ್ಪಾಲನ್ನು ಮಡಚಿ ಪಕ್ಕಕ್ಕಿಟ್ಟು, ಹಾಸಿಗೆಯ ಮೇಲೆ ಮಲಗಿ, ಕಂಬಳಿಯನ್ನು ಎದೆಯವರೆಗೆ ಎಳೆದುಕೊಂಡಳು.

ರೋಲರ್ ಅವಳ ಪಾದದಿಂದ ಒಂದು ಮಾರು ದೂರದಲ್ಲಿ ನಿಂತಿತು.

"ಏಳಮ್ಮ" ಎಂದ ಮಗ ಮೇಲಿನಿಂದ.

"ಯಾಕೆ? ನಿನ್ನ ಕೆಲಸ ನೀನು ಮಾಡು. ಗುಂಡಿ ತೋಡಿಸು ಅಂದಾಗ ಮಾಡ್ಲಿಲ್ಲ, ಈಗ ಇದಾದ್ರೂ ಮಾಡು. ಮಣ್ಣು ಮೆತ್ತಗಿದೆ. ಒಂದು ಸಲ ಉರುಳಿಸಿದ್ರೆ ಸೀದಾ ನಿಮ್ಮಪ್ಪನ ಪಕ್ಕ ಇಳೀತೀನಿ. ನಿನ್ನ ಮಾವನಿಗೂ ತೋಡೋ ಕೆಲಸ ತಪ್ಪುತ್ತೆ."

"ಅಮ್ಮ..."

"ಹೆಂಚಿನ ಮನೆ ತಂಪಾಗಿರುತ್ತಂತೆ. ಹೋಗಿ ಇರು. ನಾನಿರೋದೂ ತಂಪಾಗೇ ಇದೆ."

ರೋಲರಣ್ಣ ಕೆಳಗೆ ನೋಡಿದ. ರೋಲರಿನ ಹಿಂದೆ, ಇಷ್ಟು ವರ್ಷ ಅವನು ಉರುಳಿಸಿದ್ದ ನೆಲ ಚಪ್ಪಡಿಯಂತೆ ಹೊಳೆಯುತ್ತಿತ್ತು. ಒಂದು ಹುಲ್ಲೂ ಇಲ್ಲ. ಅಲ್ಲಲ್ಲಿ ಉಪ್ಪು ಬೆಳ್ಳಗೆ ಹೂ ಬಿಟ್ಟಿತ್ತು. ರೋಲರಿನ ಮುಂದೆ ಅವನ ತಾಯಿಯ ಅಗಲದಷ್ಟು ಕಪ್ಪು ನೆಲ, ಅದರ ಅಂಚಿನಲ್ಲಿ ಯಾರೂ ಬಿತ್ತದ ಕುಂಬಳದ ಬಳ್ಳಿಯೊಂದು ಸಿಪ್ಪೆಯೊಡನೆ ಬಂದ ಬೀಜದಿಂದ ಎದ್ದು ಅಪ್ಪನ ಕಲ್ಲನ್ನು ಹಿಡಿದುಕೊಂಡಿತ್ತು. ಅವನು ಬಹಳ ಹೊತ್ತು ಆ ಬಳ್ಳಿಯನ್ನೇ ನೋಡಿದ.

"ಏನಾಯ್ತು?" ಎಂದರು ಸಾಹೇಬರು.

"ರೋಲರ್ ಕೆಟ್ಟಿದೆ ಸಾಹೇಬ್ರೇ."

"ಎಂಜಿನ್ ಓಡ್ತಾ ಇದೆಯಲ್ಲೋ."

"ಓಡ್ತಾ ಇದೆ. ಆದ್ರೂ ಕೆಟ್ಟಿದೆ."

ಅವನು ಎಂಜಿನ್ ನಿಲ್ಲಿಸಿ ಕೆಳಗಿಳಿದ. ಬಗ್ಗಿ, ತಾಯಿಯ ಹಾಸಿಗೆಯ ಪಕ್ಕ ಕೈ ಇಟ್ಟ. ಕೈ ಒಳಗೆ ಹೋಯಿತು. ತನ್ನ ತಾಕಿನಲ್ಲಿ ತನ್ನ ಕೈ ಒಳಗೆ ಹೋಗಿದ್ದು ಅದೇ ಮೊದಲು. ಹೊರಗೆ ತೆಗೆದಾಗ ಬೆರಳೆಲ್ಲ ಕಪ್ಪಾಗಿತ್ತು. ಆ ಕೈಯಿಂದಲೇ ಜೇಬಿನಿಂದ ಬೀಗದ ಕೈ ತೆಗೆದು, ಗುಮಾಸ್ತ ಇನ್ನೂ ಹಿಡಿದೇ ಇದ್ದ ಬಿಳಿ ಕರವಸ್ತ್ರದ ಮೇಲೆ ಇಟ್ಟ. ಕರವಸ್ತ್ರದ ಮೇಲೆ ಐದು ಬೆರಳೂ ಮೂಡಿದವು.

ಆಗ ಅವನ ಹೆಂಡತಿ ಪೊರಕೆ ಕೆಳಗಿಟ್ಟಳು. ಅತ್ತೆಯ ಪಕ್ಕ ಒಂದಷ್ಟು ಜಾಗ ಬಿಟ್ಟು, ಚಪ್ಪಡಿಯಂಥ ನೆಲದ ಮೇಲೆ ಮಲಗಿದಳು. "ನಡುವಿನದು ಇವರದು" ಎಂದು ಗಂಡನ ಕಡೆ ಕೈ ತೋರಿಸಿ, "ಇದು ನಂದು" ಎಂದಳು. "ನಾಳೆಯಿಂದ ಕಸ ಇಲ್ಲಿಗೆ ಹಾಕ್ರೇ."

ಪೊರಕೆ ತಂಡದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಬ್ಬೊಬ್ಬರಾಗಿ ಬಂದು, ಉದ್ದ ಅಗಲ ಅಂದಾಜು ಮಾಡಿ, ಜಗಳವಾಡುತ್ತ ಮಲಗತೊಡಗಿದರು. "ನಿನ್ನ ಕಾಲು ನನ್ನ ಜಾಗಕ್ಕೆ ಬಂತು ಕಣೇ." "ಸತ್ತ ಮೇಲೂ ನಿನ್ನ ಪಕ್ಕವೇ ಬಿದ್ದಿರಬೇಕಾ ನಾನು?" ಊರಿಗೆಲ್ಲ ಗುಂಡಿ ತೋಡಿದ ಮಾವನಿಗೆ ತನ್ನದೊಂದು ಬೇಕಾಗುತ್ತದೆಂದು ಅವತ್ತೇ ಹೊಳೆದದ್ದು, ಅವನು ಗಾಬರಿಯಿಂದ ಓಡಿ ಅಕ್ಕನ ಕಾಲ ಬಳಿ ಅಡ್ಡಡ್ಡ ಮಲಗಿಬಿಟ್ಟ. ತಗಡಿನ ಸಾಲಿನಿಂದ ಇನ್ನಷ್ಟು ಜನ ಬರುತ್ತಿದ್ದರು.

"ಏನಿದು? ಸಾಯೋ ಮೊದಲೇ ಯಾರಾದ್ರೂ ಜಾಗ ಹಿಡೀತಾರಾ?" ಎಂದರು ಸಾಹೇಬರು, ಒಂದೇ ಬೂಟಿನಲ್ಲಿ ಕುಂಟುತ್ತ.

"ಎಷ್ಟು ಬೇಕೋ ಅಷ್ಟು ಜಾಗ ಅಂತ ಯಜಮಾನರು ಮೈಕಲ್ಲಿ ಹೇಳಿದ್ರಪ್ಪ" ಎಂದಳು ತಾಯಿ ಮಲಗಿದಲ್ಲಿಂದಲೇ. "ಇವರೆಲ್ಲ ಸಾಯೋರೇ. ನಿನ್ನ ಸಂಬಳದಲ್ಲಿ ಸ್ವಲ್ಪ ಬೇಗನೇ ಸಾಯ್ತಾರೆ. ಹಾಸಿಗೆ ಹದ ಆಗೋಕೆ ಟೈಮ್ ಬೇಡ್ವಾ?"

ದೊಡ್ಡ ಹನಿಗಳು ಬಿದ್ದವು. ಹಿಂದೆಯೇ ಮಳೆ ಒಟ್ಟಿಗೇ ಸುರಿಯಿತು. ಏಳನೇ ತಾಕಿನ ಅತ್ಯುತ್ತಮ ಮಣ್ಣು ಒಂದು ಹನಿಯನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ. ನೀರು ಮಲಗಿದ್ದವರ ಬೆನ್ನಿನಡಿಯಿಂದ, ದೊಡ್ಡವರ ಬಿಳಿ ಬೂಟುಗಳ ನಡುವಿನಿಂದ, ಅಷ್ಟು ವರ್ಷ ರೋಲರಣ್ಣ ಮಟ್ಟ ಮಾಡಿಕೊಟ್ಟಿದ್ದ ನಯವಾದ ಇಳಿಜಾರಿನಲ್ಲಿ ಎಲ್ಲೂ ತಡೆಯದೆ ಜಾರಿ, ಸೀದಾ ಕಚೇರಿಯ ಬಾಗಿಲಿಗೆ ಹೋಯಿತು. ದೊಡ್ಡವರು ಓಡಿದರು. ಸಾಹೇಬರೂ ಓಡಿದರು. ಸ್ವಲ್ಪ ಹೊತ್ತಿಗೆ ಕಚೇರಿಯ ಕಿಟಕಿಯಲ್ಲಿ ಅವರು ಮೇಜಿನ ಮೇಲೆ ನಿಂತದ್ದು ಕಂಡಿತು. ಅವರ ಕುರ್ಚಿ ಬಾಗಿಲಿನಿಂದ ತೇಲುತ್ತ ಹೊರಗೆ ಬಂತು.

"ರೋಲರ್ ತಗೊಂಡು ಬಾ" ಎಂದು ಅವರು ಕಿಟಕಿಯಿಂದ ಕೂಗುತ್ತಿದ್ದರು. "ಈ ನೀರನ್ನ ಮಟ್ಟ ಮಾಡು."

ಮೂಲೆಯಲ್ಲಿ ಮಾತ್ರ ನೀರು ನಿಲ್ಲಲೂ ಇಲ್ಲ, ಹರಿಯಲೂ ಇಲ್ಲ. ಬಿದ್ದದ್ದು ಬಿದ್ದಲ್ಲೇ ಇಳಿಯುತ್ತಿತ್ತು, ಬಹಳ ದಿನದ ಬಾಯಾರಿಕೆಯವನು ಚೊಂಬು ಎತ್ತಿ ಕುಡಿದಂತೆ. ತಾಯಿ ಮುಖದ ಮೇಲೆ ಮಳೆ ಬೀಳಿಸಿಕೊಳ್ಳುತ್ತ ಕಣ್ಣು ಮುಚ್ಚಿದ್ದಳು.

"ಜಾಗ ಸಿದ್ಧ ಆಯ್ತಲ್ಲ ಅಕ್ಕ" ಎಂದ ಮಾವ ಕಾಲ ಬಳಿಯಿಂದ. "ಹೊರಡ್ತೀಯಾ ಮತ್ತೆ?"

"ಈಗೇನು ಅವಸರ? ಇವನದು ಇನ್ನೂ ಕಲ್ಲಿನ ಹಾಗಿದೆ" ಎಂದು ಅವಳು ಕಣ್ಣು ತೆರೆಯದೆಯೇ ಮಗನ ಕಡೆ ಬೆರಳು ತೋರಿದಳು. "ಇವನ ಹಾಸಿಗೆ ಹದ ಮಾಡಿಟ್ಟೇ ಹೋಗೋದು ನಾನು. ಅವಳದೂ ಇದೆ. ನಿಂದೂ ಇದೆ. ನೋಡು, ಎಷ್ಟು ಕೆಲಸ ಬಿದ್ದಿದೆ."

ರೋಲರಣ್ಣ ಹೆಂಡತಿಗೂ ತಾಯಿಗೂ ನಡುವೆ ಅವರು ಬಿಟ್ಟಿದ್ದ ಜಾಗದಲ್ಲಿ ಮಲಗಿದ. ನೆಲ ಸೊಂಟಕ್ಕೆ ಒತ್ತಿತು. ತಾನೇ ಉರುಳಿಸಿದ ನೆಲ. ಬೈಯಲು ಬೇರೆ ಯಾರೂ ಸಿಗಲಿಲ್ಲ. ತಗಡಿನ ಮನೆಯೂ ನಾಳೆಗೆ ಇರುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

"ಸ್ವಲ್ಪ ಆ ಕಡೆ ಸರ್ಕೋ" ಎಂದಳು ತಾಯಿ. "ನಿಮ್ಮಪ್ಪ ಹೊರಳಿದ್ರೆ ನಾನು ಈ ಕಡೆ ಬರ್ಬೇಕಾಗುತ್ತೆ."

ಅವನು ಸರಿದುಕೊಂಡ.